ಸುಮ್ಮನಿರುವ ದಿನವನ್ನು ವಾಚು ಹೇಗೆ ನೋಡುತ್ತದೆ? ಆಪಲ್ ವಾಚ್ ರಿಂಗ್‌ಗಳ ಒಂದು ವಿಮರ್ಶೆ

ವ್ಯಾಯಾಮದ ವಾಚುಗಳನ್ನು ವಿಮರ್ಶಿಸುವವರು ಅವು ಮನುಷ್ಯನನ್ನು ಎಷ್ಟು ಚೆನ್ನಾಗಿ ಎಬ್ಬಿಸಿ ಓಡಿಸುತ್ತವೆ ಎಂಬುದನ್ನೇ ಮುಖ್ಯವಾಗಿ ನೋಡುತ್ತಾರೆ. ಹಲವು ವರ್ಷಗಳಿಂದ ಆಪಲ್ ವಾಚ್ ಕಟ್ಟಿಕೊಳ್ಳುತ್ತಿರುವ ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೊಂದಿದೆ. ದೇಹಕ್ಕೆ ವಿಶ್ರಾಂತಿ ಬೇಕಾದ ದಿನ ಈ ವಾಚು ನಮ್ಮನ್ನು ನೆಮ್ಮದಿಯಾಗಿ ಕೂರಲು ಬಿಡುತ್ತದೆಯೇ, ಅಥವಾ ಏನೋ ತಪ್ಪು ಮಾಡಿದೆವೆಂಬ ಅಳುಕನ್ನು ಮನಸ್ಸಿನಲ್ಲಿ ಉಳಿಸಿಬಿಡುತ್ತದೆಯೇ? 2015ರಲ್ಲಿ ಮೊದಲ ವಾಚ್ ಮಾರುಕಟ್ಟೆಗೆ ಬಂದಂದಿನಿಂದ ದೀರ್ಘಕಾಲ ಈ ಪ್ರಶ್ನೆಗೆ ಒಳ್ಳೆಯ ಉತ್ತರವಿರಲಿಲ್ಲ. 2024ರಲ್ಲಿ ಬಂದ ವಾಚ್‌ಓಎಸ್ 11, ಅಂದರೆ ವಾಚನ್ನು ನಡೆಸುವ ತಂತ್ರಾಂಶದ ಆವೃತ್ತಿ, ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ. ಆದರೆ ಅದರ ಪ್ರಯೋಜನ ಸಿಗಬೇಕಾದರೆ ಬಳಸುವವರು ಸೆಟ್ಟಿಂಗ್‌ಗಳನ್ನು ತಾವೇ ಹುಡುಕಿ, ಯೋಚಿಸಿ ಹೊಂದಿಸಿಕೊಳ್ಳಬೇಕು.

ಈ ವಾಚಿನ ಆಕರ್ಷಣೆಯೆಲ್ಲ ಅದರ ಮೂರು ರಿಂಗ್‌ಗಳಲ್ಲಿದೆ. ಕೆಂಪು ಬಣ್ಣದ ಮೂವ್ ರಿಂಗ್ ಚಲನೆಯಿಂದ ಖರ್ಚಾದ ಕ್ಯಾಲೊರಿಯನ್ನೂ, ಹಸಿರು ಬಣ್ಣದ ಎಕ್ಸರ್‌ಸೈಜ್ ರಿಂಗ್ ಬಿರುಸಿನ ನಡಿಗೆ ಅಥವಾ ಅದಕ್ಕೂ ಹೆಚ್ಚಿನ ಶ್ರಮದಲ್ಲಿ ಕಳೆದ ನಿಮಿಷಗಳನ್ನೂ, ನೀಲಿ ಬಣ್ಣದ ಸ್ಟ್ಯಾಂಡ್ ರಿಂಗ್ ದಿನದ ಎಷ್ಟು ಗಂಟೆಗಳಲ್ಲಿ ಒಂದು ನಿಮಿಷವಾದರೂ ಎದ್ದು ಓಡಾಡಿದಿರಿ ಎಂಬುದನ್ನೂ ತೋರಿಸುತ್ತವೆ. ಗಾಲಿಕುರ್ಚಿ ಬಳಸುವವರಿಗೆ ಸ್ಟ್ಯಾಂಡ್ ಬದಲು ರೋಲ್ ರಿಂಗ್ ಇದೆ. ಇದು ಮೆಚ್ಚಬೇಕಾದ ಕಾಳಜಿ. ತೆರೆದುಕೊಂಡಿರುವ ವೃತ್ತವನ್ನು ಮುಚ್ಚಬೇಕೆನ್ನುವ ಆಸೆ ಎಷ್ಟು ಪ್ರಬಲವೆಂದರೆ, ಎಂದೂ ವ್ಯಾಯಾಮದ ಗೊಡವೆಗೆ ಹೋಗದವರೂ ಸಂಜೆ ಎದ್ದು ಒಂದು ಸುತ್ತು ನಡೆದುಬರುತ್ತಾರೆ. ಜಡವಾಗಿ ಕುಳಿತವರನ್ನು ಮೊದಲ ಹೆಜ್ಜೆ ಇಡುವಂತೆ ಮಾಡುವುದರಲ್ಲಿ ಇದಕ್ಕಿಂತ ಸರಳವಾದ ಸಾಧನವನ್ನು ನಾನು ಕಂಡಿಲ್ಲ.

ತೊಡಕು ಶುರುವಾಗುವುದು ಅಭ್ಯಾಸ ಬೇರೂರಿದ ಮೇಲೆ. ರಿಂಗ್‌ಗಳಿಗೆ ಗೊತ್ತಿರುವುದು ದಿನದ ಲೆಕ್ಕ ಮಾತ್ರ, ಆದರೆ ಆರೋಗ್ಯದ ಲೆಕ್ಕ ನಡೆಯುವುದು ವಾರದಲ್ಲಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮದ ಚಟುವಟಿಕೆಯನ್ನೂ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಹಸಿರು ರಿಂಗ್‌ನ ಮೂಲ ಗುರಿ ದಿನಕ್ಕೆ 30 ನಿಮಿಷ. ವಾರದ ಐದು ದಿನ ಅದನ್ನು ಮುಚ್ಚಿದರೆ 150 ನಿಮಿಷಗಳಾದವು, ಅಂದರೆ ಎರಡು ದಿನ ಪೂರ್ತಿ ಖಾಲಿ ಬಿಟ್ಟರೂ ಆರೋಗ್ಯದ ದೃಷ್ಟಿಯಿಂದ ಏನೂ ತಪ್ಪಿಹೋಗಲಿಲ್ಲ. ಹೀಗಿದ್ದೂ ಆ ಎರಡು ದಿನಗಳ ರಿಂಗ್‌ಗಳು ತಿಂಗಳ ಪಟ್ಟಿಯಲ್ಲಿ ಅರ್ಧಂಬರ್ಧವಾಗಿ ಉಳಿದು, ನೋಡಿದಾಗಲೆಲ್ಲ ಕಣ್ಣಿಗೆ ಚುಚ್ಚುತ್ತವೆ.

ವಿಶ್ರಾಂತಿಯಲ್ಲಿ ದೇಹ ಮಾಡುವ ಕೆಲಸ ಯಾವ ರಿಂಗ್‌ನಲ್ಲೂ ಕಾಣಿಸದೆ ಇರುವುದೇ ಈ ಅಳುಕಿಗೆ ಮೂಲವೆಂದು ನನ್ನ ಭಾವನೆ. ಭಾರ ಎತ್ತುವ ವ್ಯಾಯಾಮದ ನಂತರ ಸ್ನಾಯುಗಳಲ್ಲಿ ಹೊಸ ಪ್ರೋಟೀನ್ ಕಟ್ಟುವ ಕ್ರಿಯೆ 24ರಿಂದ 48 ಗಂಟೆಗಳವರೆಗೆ ಎಂದಿಗಿಂತ ಚುರುಕಾಗಿ ನಡೆಯುತ್ತಿರುತ್ತದೆ. ರೂಢಿಯಿಲ್ಲದ ಶ್ರಮದಿಂದ ಬರುವ ಮೈಕೈ ನೋವು ಸಾಮಾನ್ಯವಾಗಿ ಹೆಚ್ಚುವುದು ಒಂದರಿಂದ ಮೂರು ದಿನಗಳೊಳಗೆ. ದೀರ್ಘ ಓಟದಲ್ಲಿ ಬರಿದಾದ ಗ್ಲೈಕೋಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಇಂಧನ) ಮತ್ತೆ ತುಂಬಿಕೊಳ್ಳಲು ಚೆನ್ನಾಗಿ ಉಂಡರೂ ಸುಮಾರು ಒಂದು ದಿನ ಬೇಕು. ಬಲ ಬೆಳೆಯುವುದು ಈ ಹೊತ್ತಿನಲ್ಲಿಯೇ ಆದರೂ ವಾಚಿನ ಮೇಲೆ ಆ ದಿನ ಬರೀ ಖಾಲಿ ವೃತ್ತ. ಇನ್ನು ಒಂದೆರಡು ದಿನ ಬಿಟ್ಟರೆ ಗಳಿಸಿದ್ದೆಲ್ಲ ಕರಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಗಣನೀಯ ಇಳಿಕೆ ಕಾಣಿಸಿಕೊಳ್ಳುವುದು ವ್ಯಾಯಾಮವನ್ನು ವಾರಗಟ್ಟಲೆ ನಿಲ್ಲಿಸಿದಾಗ. ಸ್ನಾಯುಬಲವಂತೂ ಉಸಿರಿನ ಸಾಮರ್ಥ್ಯಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ವಿಶ್ರಾಂತಿಯನ್ನು ಸತತವಾಗಿ ಕಡೆಗಣಿಸುವುದೇ ನಿಜವಾದ ಅಪಾಯ. ಯುರೋಪಿನ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು 2013ರಲ್ಲಿ ಜಂಟಿಯಾಗಿ ಹೊರತಂದ ಹೇಳಿಕೆಯ ಪ್ರಕಾರ, ಅತಿಯಾದ ತರಬೇತಿಯಿಂದ ಕುಸಿದವರು ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು.

ಇದೆಲ್ಲ ತಿಳಿದಿದ್ದವರನ್ನೂ ಸ್ಟ್ರೀಕ್ ಕಟ್ಟಿಹಾಕುತ್ತದೆ. ಸತತವಾಗಿ ಗುರಿ ಮುಟ್ಟಿದ ದಿನಗಳ ಸಂಖ್ಯೆ ಬೆಳೆದಷ್ಟೂ ಅದನ್ನು ಕಳೆದುಕೊಳ್ಳುವ ಹೆದರಿಕೆಯೂ ಬೆಳೆಯುತ್ತದೆ, ಕೊನೆಗೆ ಮನುಷ್ಯ ವ್ಯಾಯಾಮಕ್ಕೆ ಏಳುವುದು ಆ ಸಂಖ್ಯೆಯನ್ನು ಉಳಿಸಿಕೊಳ್ಳಲು ಎಂಬಂತಾಗುತ್ತದೆ. ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ತಮ್ಮ ಪ್ರೇರಣೆಯ ಸಿದ್ಧಾಂತದಲ್ಲಿ, ಇಷ್ಟಪಟ್ಟು ಅಥವಾ ಅದರ ಬೆಲೆ ಮನಗಂಡು ಮಾಡುವ ಕೆಲಸವನ್ನೂ, ಮಾಡದಿದ್ದರೆ ತಪ್ಪಿತಸ್ಥ ಭಾವ ಕಾಡುತ್ತದೆಂದು ಮಾಡುವ ಕೆಲಸವನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಓಟ. ಆದರೆ ವ್ಯಾಯಾಮ ಬಹುಕಾಲ ಬಾಳುವುದು ಮೊದಲನೆಯ ಬಗೆಯ ಪ್ರೇರಣೆಯಿಂದ. ಜ್ವರವಿದ್ದಾಗಲೂ ಮನೆಯೊಳಗೇ ಅತ್ತಿಂದಿತ್ತ ನಡೆದು ರಿಂಗ್ ಮುಚ್ಚುವವರನ್ನು ಛಲಗಾರರೆಂದು ಹೊಗಳುವುದು ನನಗೆ ಸರಿಕಾಣುವುದಿಲ್ಲ, ಅವರ ಬಗ್ಗೆ ಕಳಕಳಿ ಪಡಬೇಕು.

ಈ ಹಿನ್ನೆಲೆಯಲ್ಲಿ ವಾಚ್‌ಓಎಸ್ 11 ತಂದ ಪಾಜ್ ರಿಂಗ್ಸ್ (Pause Rings) ಸೌಲಭ್ಯವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಒಂದು ದಿನದಿಂದ ಹಿಡಿದು 90 ದಿನಗಳವರೆಗೆ ರಿಂಗ್‌ಗಳನ್ನು ನಿಲ್ಲಿಸಿಡಬಹುದು, ಸ್ಟ್ರೀಕ್ ಮುರಿಯುವುದಿಲ್ಲ. ಕಾಯಿಲೆ, ಗಾಯ, ಶಸ್ತ್ರಚಿಕಿತ್ಸೆ, ದೂರದ ಪ್ರಯಾಣ, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳಬೇಕಾದ ದಿನಗಳು, ಇವುಗಳಿಗೆ ಇದು ಹೇಳಿ ಮಾಡಿಸಿದ ಏರ್ಪಾಡು. ನಿಲ್ಲಿಸುವ ಅವಧಿಯನ್ನು ಬಳಸುವವರೇ ಆರಿಸಿಕೊಳ್ಳಬಹುದು, ಬೇಕೆನಿಸಿದಾಗ ಬೇಗನೆ ಮತ್ತೆ ಶುರುಮಾಡಲೂಬಹುದು.

ಆದರೆ ಮಾಮೂಲಿ ವಾರದ ವಿಶ್ರಾಂತಿಗೆ ಪಾಜ್ ಬಳಸಬೇಡಿ ಎಂದೇ ನನ್ನ ಸಲಹೆ. ಪ್ರತಿ ಬಾರಿಯೂ ರಿಂಗ್ ನಿಲ್ಲಿಸಲು ಹೊರಟಾಗ, ಇವತ್ತು ನಿಜವಾಗಿಯೂ ವಿಶ್ರಾಂತಿ ಬೇಕೇ ಅಥವಾ ಇದು ಸೋಮಾರಿತನವೇ ಎಂಬ ವಿಚಾರಣೆ ಮನಸ್ಸಿನಲ್ಲಿ ಮೊದಲಿನಿಂದ ನಡೆಯುತ್ತದೆ, ದಣಿದಿರುವ ಹೊತ್ತಿನಲ್ಲಿ ಆ ವಿಚಾರಣೆಗೆ ನ್ಯಾಯವಾದ ತೀರ್ಪು ಸಿಗುವುದಿಲ್ಲ. ಇದೇ ಆವೃತ್ತಿಯಲ್ಲಿ ಬಂದ ಇನ್ನೊಂದು ಸೌಲಭ್ಯ, ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಗುರಿ ಇಡುವ ಅವಕಾಶ, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಪಾಜ್‌ನಷ್ಟು ಪ್ರಚಾರ ಇದಕ್ಕೆ ಸಿಕ್ಕಿಲ್ಲ. ಕಠಿಣ ವ್ಯಾಯಾಮದ ಮರುದಿನಕ್ಕೆ ಮೂವ್ ಗುರಿಯನ್ನು ನಿತ್ಯದ ಮನೆಗೆಲಸ, ಓಡಾಟಗಳಲ್ಲೇ ತುಂಬುವಷ್ಟು ಕೆಳಗೆ ಇಟ್ಟುಕೊಂಡರೆ ವಿಶ್ರಾಂತಿ ಯೋಜನೆಯ ಭಾಗವಾಗುತ್ತದೆ, ಯಾರ ಅನುಮತಿಯೂ ಬೇಕಾಗುವುದಿಲ್ಲ. ಆ ದಿನದ ರಿಂಗ್ ಮುಚ್ಚಿದಾಗ, ಕಡಿಮೆ ಮಾಡಬೇಕಿತ್ತು, ಕಡಿಮೆ ಮಾಡಿದೆ ಎಂಬ ಸಮಾಧಾನ ಉಂಟಾಗುತ್ತದೆ. ಗುರಿ ಇಳಿಸುವುದು ತಮ್ಮನ್ನು ತಾವೇ ವಂಚಿಸಿಕೊಂಡಂತೆ ಎಂದು ಕೆಲವರು ಹೇಳುತ್ತಾರೆ. ಭೂಮಿಯನ್ನು ಒಂದು ಬೆಳೆ ಬೀಳು ಬಿಡುವ ರೈತನನ್ನು ಯಾರೂ ಹಾಗೆನ್ನುವುದಿಲ್ಲ.

ಯಾವ ದಿನ ಇಳಿಸಬೇಕೆಂದು ತೀರ್ಮಾನಿಸಲು ಎರಡು ನೆರವುಗಳಿವೆ. ಟ್ರೇನಿಂಗ್ ಲೋಡ್ ಎಂಬುದು ಕಳೆದ ಏಳು ದಿನಗಳ ಶ್ರಮವನ್ನು 28 ದಿನಗಳ ಶ್ರಮದೊಂದಿಗೆ ಹೋಲಿಸಿ, ಈಗಿನದು ಎಂದಿಗಿಂತ ಹೆಚ್ಚೋ ಕಡಿಮೆಯೋ ಎಂದು ತಿಳಿಸುತ್ತದೆ. ಪ್ರತಿ ವರ್ಕೌಟ್‌ನ ಶ್ರಮಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ವ್ಯವಸ್ಥೆಯಿದ್ದು, ವಾಚ್ ಅಂದಾಜಿಸಿದ ಅಂಕವನ್ನು ನಾವು ತಿದ್ದಬಹುದು. ನಿದ್ದೆಗೆಟ್ಟ ದಿನದ ಸಾಧಾರಣ ಓಟವೂ ಎಷ್ಟು ಭಾರವಾಗಿತ್ತೆಂದು ದಾಖಲಿಸಲು ಇದರಿಂದ ಸಾಧ್ಯ. ವೈಟಲ್ಸ್ ಆ್ಯಪ್ ರಾತ್ರಿಯ ಹೃದಯಬಡಿತ, ಉಸಿರಾಟದ ವೇಗ, ಮಣಿಕಟ್ಟಿನ ಉಷ್ಣತೆ, ನಿದ್ದೆಯ ಅವಧಿ ಮೊದಲಾದವುಗಳನ್ನು ಗಮನಿಸಿ, ಒಂದಕ್ಕಿಂತ ಹೆಚ್ಚು ಅಳತೆಗಳು ನಮ್ಮ ಎಂದಿನ ಮಿತಿಯಿಂದಾಚೆ ಹೋದರೆ ಎಚ್ಚರಿಸುತ್ತದೆ. ಇದಕ್ಕಾಗಿ ವಾಚನ್ನು ಕಟ್ಟಿಕೊಂಡೇ ಮಲಗಬೇಕಾಗುತ್ತದೆ. ಇವು ರೋಗನಿರ್ಣಯ ಮಾಡುವ ಸಾಧನಗಳಲ್ಲ, ಆದರೂ ಮೈ ಹೇಳುತ್ತಿರುವುದನ್ನು ನಂಬಲು ಹಿಂಜರಿಯುವವರಿಗೆ ಒಳ್ಳೆಯ ಆಸರೆ.

ಬೇರೆ ಸಾಧನಗಳ ಬಗ್ಗೆ ಒಂದು ಮಾತು. ಗಾರ್ಮಿನ್‌ನ ಬಾಡಿ ಬ್ಯಾಟರಿ ಹಾಗೂ ವೂಪ್‌ನ ರಿಕವರಿ ಅಂಕಗಳು ಚೇತರಿಕೆಯನ್ನೇ ಮುಂದಿಟ್ಟು ಮಾತಾಡುತ್ತವೆ, ಆ ಮಟ್ಟಿಗೆ ಅವು ರಿಂಗ್‌ಗಳಿಗಿಂತ ಮುಂದಿವೆ. ಆದರೆ ಬೆಳಗ್ಗೆ ಏಳುತ್ತಲೇ ಕಡಿಮೆ ಅಂಕ ಕಂಡು ಕುಗ್ಗುವ ಸ್ವಭಾವದವರಿಗೆ ಅಲ್ಲಿಯೂ ಹೊಸ ಚಿಂತೆ ಹುಟ್ಟಬಹುದು.

ಆಪಲ್ ವಾಚ್‌ನಲ್ಲಿ ಇನ್ನೂ ಆಗಬೇಕಾದ ಕೆಲಸವಿದೆ. ಶ್ರಮ ಏರಿದೆ, ರಾತ್ರಿಯ ಅಳತೆಗಳು ತಪ್ಪಿವೆ ಎಂದು ತಿಳಿದ ವಾಚೇ ನಾಳೆಯ ಗುರಿಯನ್ನು ಇಳಿಸೋಣವೇ ಎಂದು ಕೇಳಿದರೆ ಈ ಮೂರೂ ಸೌಲಭ್ಯಗಳು ಒಂದಕ್ಕೊಂದು ಕೂಡಿಬರುತ್ತಿದ್ದವು. ದಿನದ ಬದಲು ಇಡೀ ವಾರಕ್ಕೆ ಒಂದೇ ರಿಂಗ್ ಇಟ್ಟುಕೊಳ್ಳುವ ಆಯ್ಕೆಯನ್ನೂ ನಾನು ಬಯಸುತ್ತೇನೆ.

ವ್ಯಾಯಾಮವನ್ನು ಈಗಷ್ಟೇ ಆರಂಭಿಸುವವರಿಗೂ, ವಾರದ ಯೋಜನೆ ಹಾಕಿಕೊಂಡು ಅಭ್ಯಾಸ ಮಾಡುವವರಿಗೂ ಈ ವಾಚನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಊಟ, ತೂಕ, ಕ್ಯಾಲೊರಿಗಳ ಲೆಕ್ಕ ಮನಸ್ಸನ್ನು ಹಿಂಸಿಸುವ ಮಟ್ಟಕ್ಕೆ ಹೋಗಿರುವವರಿಗೆ, ಒಂದು ದಿನ ವ್ಯಾಯಾಮ ತಪ್ಪಿದರೆ ತಡೆಯಲಾರದ ಚಡಪಡಿಕೆ ಅನುಭವಿಸುವವರಿಗೆ ಮಾಡಲಾರೆ. ಅವರಿಗೆ ಬೇಕಿರುವುದು ವೈದ್ಯರ ಅಥವಾ ಮನೋವೈದ್ಯರ ಸಹಾಯ. ಈಗಾಗಲೇ ವಾಚ್ ಕೊಂಡಿದ್ದು, ರಿಂಗ್‌ಗಳ ಒತ್ತಡ ಮಾತ್ರ ಬೇಡವೆನ್ನುವವರು ವಾಚ್‌ಫೇಸ್‌ನಿಂದ ರಿಂಗ್‌ಗಳನ್ನು ತೆಗೆದುಹಾಕಿ, ಫೋನಿನಲ್ಲಿರುವ ವಾಚ್ ಆ್ಯಪ್‌ನ ಆ್ಯಕ್ಟಿವಿಟಿ ವಿಭಾಗಕ್ಕೆ ಹೋಗಿ ನಿಲ್ಲುವ ನೆನಪೋಲೆಗಳನ್ನೂ ದಿನದ ಹುರಿದುಂಬಿಕೆಯ ಸಂದೇಶಗಳನ್ನೂ ಆಫ್ ಮಾಡಿಕೊಳ್ಳಬಹುದು. ವರ್ಕೌಟ್‌ಗಳ ದಾಖಲೆ ಆಗಲೂ ಎಂದಿನಂತೆ ನಡೆಯುತ್ತದೆ.