ಫೋರ್ಟ್ ಕೊಚ್ಚಿಯೋ, ಮಟ್ಟಾಂಚೇರಿಯೋ?

ಕೊಚ್ಚಿಯಲ್ಲಿ ಕಳೆಯಲು ಒಂದೇ ದಿನವಿದ್ದರೆ ಹಳೆಯ ಊರಿನ ಯಾವ ಭಾಗಕ್ಕೆ ಹೆಚ್ಚು ಹೊತ್ತು ಕೊಡಬೇಕು? ಫೋರ್ಟ್ ಕೊಚ್ಚಿಗೂ ಮಟ್ಟಾಂಚೇರಿಗೂ ನಡುವೆ ಆಟೋದಲ್ಲಿ ಹತ್ತು ನಿಮಿಷದ ದಾರಿ ಅಷ್ಟೆ. ಆದರೆ ಎರಡನ್ನೂ ಓಡೋಡಿ ನೋಡಿದರೆ ಎರಡೂ ದಕ್ಕುವುದಿಲ್ಲ. ಎರಡು ಕಡೆಯೂ ಸಾವಕಾಶವಾಗಿ ಅಲೆದ ಮೇಲೆ ನನ್ನ ಮತ ಮಟ್ಟಾಂಚೇರಿಗೆ.

ಫೋರ್ಟ್ ಕೊಚ್ಚಿ ಚೆಂದವಿಲ್ಲ ಎಂದಲ್ಲ. ದೊಡ್ಡ ಮಳೆಮರಗಳ ನೆರಳು, ಅಗಲವಾದ ಬೀದಿಗಳು, ಹೆಂಚಿನ ಮನೆಗಳು. ನಡೆಯುವುದಕ್ಕೆ ಇದಕ್ಕಿಂತ ಹಿತವಾದ ಜಾಗ ಈ ಊರಿನಲ್ಲಿಲ್ಲ. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ, 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದ ಜಾಗ ಕಾಣಸಿಗುತ್ತದೆ. ಅವನ ಅವಶೇಷಗಳನ್ನು ಮುಂದೆ ಪೋರ್ಚುಗಲ್‌ಗೆ ಒಯ್ದರು. ದಡದಲ್ಲಿ ಮೀನು ಹಿಡಿಯುವ ಚೀನೀ ಬಲೆಗಳಂತೂ ಎಲ್ಲರ ಫೋಟೋದಲ್ಲೂ ಇವೆ. ಹತ್ತಿರ ಹೋಗಿ ನೋಡಬೇಕಾದದ್ದು ಹಗ್ಗಕ್ಕೆ ಕಟ್ಟಿದ ಕಲ್ಲುಗಳನ್ನು: ಅವುಗಳ ಭಾರದಿಂದಲೇ ಅಷ್ಟು ದೊಡ್ಡ ಬಲೆಯನ್ನು ನಾಲ್ಕಾರು ಜನ ಮೇಲೆತ್ತಬಲ್ಲರು. ಆದರೆ ಹೋಂಸ್ಟೇ, ಕೆಫೆ, ಅಂಗಡಿಗಳೇ ತುಂಬಿರುವ ಈ ಬೀದಿಗಳು ಇಂದು ಬಹುಮಟ್ಟಿಗೆ ಪ್ರವಾಸಿಗರಿಗಾಗಿ ಬದುಕುತ್ತಿವೆ.

ಮಟ್ಟಾಂಚೇರಿ ಹಾಗಲ್ಲ. ಬಜಾರ್ ರಸ್ತೆಗೆ ಕಾಲಿಟ್ಟ ಕೂಡಲೇ ಒಣಶುಂಠಿ, ಮೆಣಸಿನ ಘಾಟು ಮೂಗಿಗೆ ಬಡಿಯುತ್ತದೆ. ಒಂದು ಮಂಡಿಯ ಬಾಗಿಲಲ್ಲಿ ನಿಂತು ನೋಡಿದೆ: ನೆಲದ ಮೇಲೆ ಶುಂಠಿಯ ರಾಶಿ, ಅದರ ಸುತ್ತ ಕುಳಿತು ಆರಿಸುತ್ತಿರುವ ಹೆಂಗಸರು, ಕಿಟಕಿಯ ಬಿಸಿಲುಕೋಲಿನಲ್ಲಿ ಕುಣಿಯುವ ಹಳದಿ ಧೂಳು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಯಾವ ಸರಕಿನ ಆಸೆಗೆ ಸಮುದ್ರ ದಾಟಿ ಬಂದರೋ ಅದೇ ಸರಕು ಇಂದಿಗೂ ಇಲ್ಲಿ ತೂಗಿ ಮಾರಾಟವಾಗುತ್ತಿದೆ!

ಮಟ್ಟಾಂಚೇರಿಯ ಅರಮನೆಯನ್ನು ಡಚ್ ಅರಮನೆ ಎಂದು ಕರೆಯುವುದು ರೂಢಿ. ಕಟ್ಟಿಸಿ ಕೊಚ್ಚಿಯ ಅರಸನಿಗೆ ಒಪ್ಪಿಸಿದವರು ಪೋರ್ಚುಗೀಸರು, 1555ರ ಸುಮಾರಿಗೆ. ಡಚ್ಚರು ಆಮೇಲೆ ದುರಸ್ತಿ ಮಾಡಿಸಿದರು. ಹೊರಗಿನಿಂದ ಅದು ಸಾದಾ ಕಟ್ಟಡ. ಒಳಗೆ ಅರಸರ ಶಯನಗೃಹದ ಗೋಡೆಗಳಲ್ಲಿ ರಾಮಾಯಣ ಇಂಚಿಂಚೂ ತುಂಬಿಕೊಂಡಿದೆ. ಕೆಮ್ಮಣ್ಣಿನ ಕೆಂಪು, ಎಲೆಯ ಹಸಿರು, ಅಗಲ ಕಣ್ಣುಗಳು. ಒಂದೊಂದು ಗೋಡೆಗೂ ಕಾಲು ಗಂಟೆ ಕೊಡಿ.

ಅಲ್ಲಿಂದ ಕೂಗಳತೆಯಲ್ಲಿ 1568ರ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಚೀನಾದಿಂದ ತಂದ ನೀಲಿ-ಬಿಳಿ ಹಾಸುಬಿಲ್ಲೆಗಳಿಗೆ ಕೈಯಲ್ಲೇ ಬಣ್ಣ ಬರೆದಿದ್ದಾರೆ. ಬಗ್ಗಿ ನೋಡಿದರೆ ಕುಂಚದ ಗೆರೆಗಳ ಏರುಪೇರು ತಿಳಿಯುತ್ತದೆ. ಇಲ್ಲಿನ ಯಹೂದಿಗಳಲ್ಲಿ ಬಹುತೇಕರು ಇಸ್ರೇಲಿಗೆ ಹೋಗಿ ನೆಲೆಸಿದ್ದಾರೆ. ಆ ಬೀದಿಯಲ್ಲಿ ಈಗ ಹಳೆಯ ವಸ್ತುಗಳ ಅಂಗಡಿಗಳ ಸಾಲು, ಬೇಡವೆಂದರೂ ಒಳಗೆ ಕರೆಯುವವರು. ಮಟ್ಟಾಂಚೇರಿಯಲ್ಲಿ ನನಗೆ ಇಷ್ಟವಾಗದ್ದು ಅದೊಂದೇ.

ಕರಾವಳಿಯವರಿಗೆ ಇನ್ನೊಂದು ಮಾತು. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದ ಗೌಡ ಸಾರಸ್ವತರ ತಿರುಮಲ ದೇವಸ್ಥಾನ ಇಲ್ಲೇ ಇದೆ. ಸುತ್ತಲಿನ ಬೀದಿಗಳಲ್ಲಿ ಮಲಯಾಳದ ನಡುವೆ ಕೊಂಕಣಿ ಕಿವಿಗೆ ಬಿದ್ದಾಗ ಮಂಗಳೂರು, ಕುಮಟಾದ ರಥಬೀದಿಗಳು ನೆನಪಾಗದೆ ಇರುವುದಿಲ್ಲ.

ಶುಕ್ರವಾರ ಅರಮನೆಗೆ ರಜೆ, ಶನಿವಾರ ಸಿನಗಾಗ್ ಮುಚ್ಚಿರುತ್ತದೆ. ಆ ಎರಡು ದಿನ ಬಿಟ್ಟು ಹೋಗಿ. ಮಂಡಿಗಳು ಚುರುಕಾಗಿರುವ ಬೆಳಗಿನ ಹೊತ್ತು ಮಟ್ಟಾಂಚೇರಿಗಿರಲಿ. ಬಿಸಿಲು ಇಳಿದ ಮೇಲೆ ಫೋರ್ಟ್ ಕೊಚ್ಚಿಗೆ ಬಂದು ಬಲೆ ನೋಡಿ, ಅಲ್ಲಿಂದಲೇ ಎರ್ನಾಕುಲಂ ದೋಣಿ ಹಿಡಿಯಬಹುದು.