ಹಲಸಿನ ಮೇಜಿಗೆ ಅಗಸೆ ಎಣ್ಣೆಯೇ ಸೈ

ಹಿತ್ತಲ ಹಲಸಿನ ಹಲಗೆಯಲ್ಲಿ ನಾನೇ ಮಾಡಿಕೊಂಡ ಊಟದ ಮೇಜು, ಬೆಂಚು, ಪುಸ್ತಕದ ಕಪಾಟು ಮನೆಯಲ್ಲಿವೆ. ಮರಕ್ಕೆ ಅರಗಿನ ಪಾಲಿಶ್, ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನಂಥ ಲೇಪ), ಅಗಸೆ ಎಣ್ಣೆ ಮೂರನ್ನೂ ಹಾಕಿ ನೋಡಿದ ಮೇಲೆ ನನ್ನ ಓಟು ಎಣ್ಣೆಗೆ. ನಮ್ಮದು ಮಲೆನಾಡು, ಕೆಲಸ ಸ್ವಂತ ಕೈಯದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೇಜಿಗೆ ಮೊದಲು ಹಚ್ಚಿದ್ದು ಅರಗು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚೂರು ನೆನೆಹಾಕಿ, ಹತ್ತಿಯನ್ನು ಹಳೆ ಬನಿಯನ್ನಿನಲ್ಲಿ ಉಂಡೆ ಕಟ್ಟಿ ತಿಕ್ಕುವುದು. ಬೇಗ ಒಣಗುತ್ತದೆ, ಹೊಸ ಕೋಟು ಹಳೆಯದನ್ನು ಕರಗಿಸಿಕೊಂಡು ಒಂದಾಗುತ್ತದೆ. ಹೊಳಪಿನಲ್ಲಿ ಇದಕ್ಕೆ ಸಾಟಿಯಿಲ್ಲ.

ಆದರೆ ಜಡಿಮಳೆಯಲ್ಲಿ ಹಚ್ಚಿದಿರೋ, ಕಥೆ ಮುಗೀತು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಂದು ಅಲ್ಲೇ ಕೂತು ಲೇಪದೊಳಗೆ ಸಿಕ್ಕಿಕೊಳ್ಳುತ್ತದೆ. ಹಲಸಿನ ಚಿನ್ನದ ಬಣ್ಣಕ್ಕೆ ವಿಭೂತಿ ಬಳಿದ ಹಾಗೆ ಬಿಳಿ ಮಬ್ಬು. ಒಣಹವೆಯ ದಿನ ಬರೀ ಸ್ಪಿರಿಟ್ ಸವರಿದರೆ ಹೋಗುತ್ತದಂತೆ, ನಿಜವೇ. ಆಷಾಢದಲ್ಲಿ ಒಣಹವೆ ಎಲ್ಲಿಂದ ತರೋಣ?

ಮಬ್ಬು ಹೋದ ಮೇಲೆ ಉಂಗುರಗಳ ಸರದಿ. ನಮ್ಮನೆಯಲ್ಲಿ ಸಾರಿನ ಪಾತ್ರೆ ಒಲೆಯಿಂದ ಸೀದಾ ಮೇಜಿಗೆ ಇಳಿಯುತ್ತದೆ. ಅರಗು ಕುದಿನೀರಿನ ಬಿಸಿಗೂ ಮೊದಲೇ ಮೆತ್ತಗಾಗುವ ವಸ್ತು. ಕೆಳಗೊಂದು ಮಣೆ ಇಡಮ್ಮ ಎಂದರೆ, “ಮೇಜು ಮಾಡಿದ್ದು ಪಾತ್ರೆ ಇಡೋಕೋ, ನೋಡ್ತಾ ಕೂರೋಕೋ?” ಎಂದು ಅಮ್ಮ ನನಗೇ ತಿರುಗಿಸಿದರು. ಸ್ಯಾನಿಟೈಸರ್ ಚೆಲ್ಲಿದ ಜಾಗವಂತೂ ಕರಗಿಯೇ ಹೋಯಿತು, ಅದರಲ್ಲಿರುವುದೂ ಸ್ಪಿರಿಟ್ಟಿನಂತೆ ಆಲ್ಕೋಹಾಲೇ ತಾನೆ.

ಬೆಂಚಿಗೆ ಪಿಯು. ಬಿಸಿಗೂ ನೀರಿಗೂ ಜಗ್ಗುವುದಿಲ್ಲ, ಒಪ್ಪಿದೆ. ಆದರೆ ಎರಡು ಡಬ್ಬಿಯಲ್ಲಿ ಬರುವ ಇದನ್ನು ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ನುಣುಪು ಬರಲು ಸ್ಪ್ರೇ ಬೇಕು, ಸ್ಪ್ರೇ ಮಾಡಲು ಒಳ್ಳೆಯ ಮಾಸ್ಕ್ ಬೇಕು. ಗೀರು ಬಿದ್ದರೆ ಹೊಸ ಕೋಟು ಹಳೆಯದರೊಳಗೆ ಬೆರೆಯದು, ಇಡೀ ಹಲಗೆ ಉಜ್ಜಿ. ನನ್ನ ಜೇಬಿಗೂ ಭಾರ.

ಮೆಲಮೈನ್ ಎಂಬ ಇನ್ನೊಂದು ಪಾಲಿಶ್ ಇದೆ, ಹಚ್ಚುವಾಗಿನ ವಾಸನೆಗೇ ಕಣ್ಣುರಿ. ಮುಂದಿನ ಮಾತಿಲ್ಲ.

ಕೊನೆಗೆ ಮೇಜನ್ನು ಉಜ್ಜಿ ಬರಿಮರ ಮಾಡಿ ಎಣ್ಣೆ ಹಾಕಿದೆ. ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಎಂದೇ ಕೇಳಿ, ಹಸಿ ಎಣ್ಣೆ ಒಣಗುವುದು ಬಲು ನಿಧಾನ. 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ ಮೇಲೆ ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ, ಬಿಟ್ಟರೆ ಅಂಟಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಈ ಎಣ್ಣೆ ಒಣಗುವುದು ಆಮ್ಲಜನಕ ಹೀರಿ, ಆಗ ಬಿಸಿ ಹುಟ್ಟುತ್ತದೆ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಉಂಗುರ ಇದರ ಮೇಲೂ ಬೀಳುತ್ತದೆ. ಅಷ್ಟೇ ಜಾಗ ಉಜ್ಜಿ ಎಣ್ಣೆ ಸವರಿದರೆ ತೇಪೆ ಗೊತ್ತಾಗದು, ಹೊರಗೆ ಮಳೆ ಸುರಿಯುತ್ತಿದ್ದರೂ ಮಬ್ಬಿನ ಭಯವಿಲ್ಲ. ಮೇಜಿನ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ, ಒಣಬಟ್ಟೆಯಲ್ಲಿ ಒರೆಸುತ್ತಿರಬೇಕು.

ಕಪಾಟಿಗೆ ಅರಗೇ ಇರಲಿ, ಬೇಸಿಗೆಯಲ್ಲಿ ಹಚ್ಚಿದ್ದು, ಪುಸ್ತಕಗಳು ಸಾರು ಚೆಲ್ಲುವುದಿಲ್ಲ. ಪೇಟೆಯ ಫ್ಲ್ಯಾಟಿನಲ್ಲಿದ್ದು, ದುಡ್ಡು ಕೊಟ್ಟು ಸ್ಪ್ರೇ ಮಾಡಿಸುವವರು ಪಿಯು ಹಾಕಿಸಲಿ.