ನೀರಿಲ್ಲದ ಕೂಲಂಟ್, ನೀರು ಬೆರೆಸಿದ ಕೂಲಂಟ್: ಎರಡನ್ನೂ ಹಾಕಿ ಓಡಿಸಿದ ಮೇಲೆ

ಕೂಲಂಟ್ ಅಂದರೆ ಎಂಜಿನ್ ತಂಪಾಗಿಡುವ ದ್ರವ. ದಿನಾ ಓಡಿಸುವ ಕಾರಿಗೆ ನೀರಿಲ್ಲದ ಕೂಲಂಟ್ ಹಾಕಬೇಕಾ ಅಂತ ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ. ವರ್ಷದ ಬಹುಪಾಲು ಶೆಡ್‌ನಲ್ಲೇ ನಿಂತಿರುವ ಹಳೆಯ ಗಾಡಿಗಾದರೆ ಧಾರಾಳವಾಗಿ ಹಾಕಿ. ನನ್ನ ದಿನಬಳಕೆಯ ಕಾರಿನಲ್ಲಿ ಮೊದಲು ಮಾಮೂಲಿ ಕೂಲಂಟ್, ಆಮೇಲೆ ನೀರಿಲ್ಲದ್ದು, ಕೊನೆಗೆ ಮತ್ತೆ ಮಾಮೂಲಿಯದೇ ಹಾಕಿ ಓಡಿಸಿದ್ದೇನೆ. ಹಳೆಯ ಗಾಡಿಯಲ್ಲಿ ನೀರಿಲ್ಲದ್ದು ಈಗಲೂ ಇದೆ.

ಮಾರುವವರು ಮೊದಲು ಹೇಳುವುದು ಕುದಿಯುವ ಬಿಂದುವಿನ ಮಾತು. ಅದು ಸುಳ್ಳಲ್ಲ. ಅರ್ಧ ಎಥಿಲೀನ್ ಗ್ಲೈಕಾಲ್, ಅರ್ಧ ನೀರು ಸೇರಿದ ಮಾಮೂಲಿ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ 1 ಬಾರ್ ಒತ್ತಡ ಹಿಡಿದರೆ 130ರ ಹತ್ತಿರ ಹೋಗುತ್ತದೆ. ನೀರಿಲ್ಲದ್ದರಲ್ಲಿ ಇರುವುದು ಹೆಚ್ಚುಕಡಿಮೆ ಬರೀ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ. ಒತ್ತಡವೇ ಇಲ್ಲದಿದ್ದರೂ ಸುಮಾರು 190ರ ತನಕ ಕುದಿಯುವುದಿಲ್ಲ. ಸುಟ್ಟ ಬಿಸಿ ಅನಿಲ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುತ್ತಲಿನ ಲೋಹ ವಿಪರೀತ ಕಾದು ಅಲ್ಲಿ ಆವಿಯ ಪದರ ಕಟ್ಟಿಕೊಂಡರೆ ಶಾಖ ಕೂಲಂಟ್‌ಗೆ ಸರಿಯಾಗಿ ದಾಟುವುದಿಲ್ಲ. ನೀರಿಲ್ಲದ್ದರಲ್ಲಿ ಆ ಭಯ ತೀರಾ ಕಮ್ಮಿ.

ಆದರೆ ಕುದಿಯದೇ ಇರುವುದು ಬೇರೆ, ತಂಪು ಮಾಡುವುದು ಬೇರೆ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಶಾಖ ಹೀರುತ್ತದೆ. ಅರ್ಧಂಬರ್ಧ ಮಿಶ್ರಣ ಸುಮಾರು 3.3 ಹೀರುತ್ತದೆ. ಬರೀ ಗ್ಲೈಕಾಲ್‌ಗೆ 2.4ರ ಆಸುಪಾಸು ಅಷ್ಟೇ. ಅದು ಮಂದವೂ ಹೌದು, ಹಾಗಾಗಿ ಅದೇ ವಾಟರ್ ಪಂಪ್ ತಳ್ಳಿದರೂ ರೇಡಿಯೇಟರ್ ಕೊಳವೆಗಳಲ್ಲಿ ನಿಧಾನಕ್ಕೆ ಹರಿಯುತ್ತದೆ. ಎಂಜಿನ್ ಹುಟ್ಟಿಸುವ ಶಾಖವಂತೂ ಅಷ್ಟೇ ಇರುತ್ತದೆ, ಅಲ್ವಾ? ಹೊತ್ತೊಯ್ಯುವ ಶಕ್ತಿ ಕಮ್ಮಿಯಾದರೆ ಲೋಹ ಇನ್ನಷ್ಟು ಕಾಯಲೇಬೇಕು.

ಓಡಿಸುವಾಗ ಕಂಡಿದ್ದೂ ಇದೇ. ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಟ್ರಾಫಿಕ್‌ನಲ್ಲಿ ತೆವಳುವಾಗ, ಎಸಿ ಹಾಕಿಕೊಂಡು ಉದ್ದನೆಯ ಏರು ಹತ್ತುವಾಗ ಗೊತ್ತಾಯಿತು. ನೀರಿಲ್ಲದ್ದು ಇದ್ದಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೊದಲಿಗಿಂತ ಮೇಲೆ ನಿಲ್ಲುತ್ತಿತ್ತು. ಫ್ಯಾನ್ ಜಾಸ್ತಿ ಹೊತ್ತು ಓಡುತ್ತಿತ್ತು. ಏರಿನಲ್ಲಿ ಎಳೆತ ಸ್ವಲ್ಪ ಮಂಕಾದಂತೆ ಅನಿಸಿತು. ಎಂಜಿನ್ ಕಾದಷ್ಟೂ ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಇಂಧನ ತಾನಾಗಿಯೇ ಸಿಡಿಯುವುದು, ಆಗುವ ಸಂಭವ ಹೆಚ್ಚು. ಅದನ್ನು ತಪ್ಪಿಸಲು ಈಗಿನ ಕಾರುಗಳ ಕಂಪ್ಯೂಟರ್ ಕಿಡಿ ಹೊತ್ತಿಸುವುದನ್ನು ಸ್ವಲ್ಪ ತಡಮಾಡುತ್ತದೆ, ಆಗ ಎಳೆತ ಕುಗ್ಗುತ್ತದೆ. ಮತ್ತೆ ಮಾಮೂಲಿ ಕೂಲಂಟ್ ಹಾಕಿದ ಮೇಲೆ ಮುಳ್ಳು ಹಳೆಯ ಜಾಗಕ್ಕೆ ಬಂತು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸಿದ್ದು ಇನ್ನೊಂದು. ಮಾಮೂಲಿ ಕೂಲಂಟ್ ಕುದಿದರೆ ಬಾನೆಟ್ ಸಂದಿಯಿಂದ ಆವಿ ಬರುತ್ತದೆ, ನೀವು ಗಾಡಿ ನಿಲ್ಲಿಸುತ್ತೀರಿ. ಆ ಆವಿಯೇ ಎಚ್ಚರಿಕೆ. ನೀರಿಲ್ಲದ್ದರಲ್ಲಿ ಅದು ಬರುವುದಿಲ್ಲ. ಕೂಲಂಟ್ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಚ್ಚಿಕೊಂಡಿರಲಿ, ರೇಡಿಯೇಟರ್ ಕಟ್ಟಿಕೊಂಡಿರಲಿ, ಹೊರಗಿನಿಂದ ಏನೂ ಕಾಣದೆ ಸಿಲಿಂಡರ್ ಹೆಡ್ ಕಾಯುತ್ತಲೇ ಹೋಗಬಹುದು. ಪದೇ ಪದೇ ಬಿಸಿಯೇರುವ ಕಾರಿಗೆ ಇದನ್ನು ಔಷಧಿ ಅಂತ ದಯವಿಟ್ಟು ಹಾಕಬೇಡಿ. ಮೊದಲು ಕಾಯಿಲೆ ಹುಡುಕಿ.

ಬದಲಾಯಿಸುವ ಕೆಲಸವೂ ಸಣ್ಣದಲ್ಲ. ಒಳಗೆ ಉಳಿದ ನೀರು ಶೇಕಡಾ 3 ಮೀರಬಾರದು. ರೇಡಿಯೇಟರ್ ಖಾಲಿ ಮಾಡಿದರೂ ಎಂಜಿನ್ ಬ್ಲಾಕ್, ಹೀಟರ್ ಒಳಗೆ ನೀರು ಉಳಿದೇ ಇರುತ್ತದೆ. ಅದಕ್ಕೆಂದೇ ಬರುವ ಬೇರೆ ದ್ರವ ಹಾಕಿ, ಎಂಜಿನ್ ಓಡಿಸಿ, ಅದನ್ನೂ ಬಸಿದು, ಆಮೇಲೆ ಹೊಸದನ್ನು ತುಂಬಿ ನೀರಿನ ಅಂಶ ಪರೀಕ್ಷಿಸಬೇಕು. ಮಾಮೂಲಿಯದಕ್ಕೆ ಬಸಿದು, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ತುಂಬಿ, ಗಾಳಿ ತೆಗೆದರೆ ಮುಗಿಯಿತು. ಬಸಿದದ್ದು ಯಾವುದೇ ಇರಲಿ, ತಟ್ಟೆಯಲ್ಲಿ ತೆರೆದಿಟ್ಟು ಹೋಗಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ದಾರಿಯಲ್ಲಿ ಹೋಸ್ ಒಡೆದರೆ? ಮಾಮೂಲಿ ಕೂಲಂಟ್ ಆದರೆ ಹೋಸ್ ಕಟ್ಟಿ, ಸಿಕ್ಕ ನೀರು ಸುರಿದು ಮನೆ ಸೇರಬಹುದು. ನೀರಿಲ್ಲದ್ದಕ್ಕೆ ನೀರು ಬಿದ್ದರೆ ಮಾಡಿದ ಕೆಲಸವೆಲ್ಲ ಮೊದಲಿಂದ ಶುರು. ಜೊತೆಗೆ ನೀರು ಬೆರೆಸದ ಗ್ಲೈಕಾಲ್ ಬಿಸಿ ಎಕ್ಸಾಸ್ಟ್ ಮೇಲೆ ಚೆಲ್ಲಿದರೆ ಹೊತ್ತಿಕೊಳ್ಳುವ ಅಪಾಯ ಜಾಸ್ತಿ.

ಇನ್ನು ತುಕ್ಕು. ಇಲ್ಲಿ ನೀರಿಲ್ಲದ್ದು ನಿಜಕ್ಕೂ ಗೆಲ್ಲುತ್ತದೆ. ನೀರೇ ಇಲ್ಲದ ಕಡೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಕಷ್ಟ, ಸುಣ್ಣದ ಪೊರೆ ಕಟ್ಟುವ ಮಾತೂ ಇಲ್ಲ. ದಿನಾ ಓಡುವ ಕಾರಿಗೆ ಈ ಲಾಭ ದೊಡ್ಡದಲ್ಲ, ಯಾಕೆಂದರೆ ಸಾವಯವ ಆಮ್ಲ ಬಳಸಿದ ಈಗಿನ ಕೆಲವು ಮಾಮೂಲಿ ಕೂಲಂಟ್‌ಗಳೇ 5 ವರ್ಷ ಅಥವಾ 2,40,000 ಕಿಲೋಮೀಟರ್ ಬಾಳುತ್ತವೆ. ನನ್ನ ಹಳೆಯ ಗಾಡಿಯ ಕಥೆ ಬೇರೆ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಬೆಸುಗೆ ಹಾಕಿದ ಹಿತ್ತಾಳೆ ರೇಡಿಯೇಟರ್. ತಿಂಗಳುಗಟ್ಟಲೆ ನಿಂತಿರುತ್ತದೆ. ನೀರಿಲ್ಲದ್ದು ಹಾಕಿದ ಮೇಲೆ ಓಡಿಸಿ ಬಂದು ಮೇಲಿನ ಹೋಸ್ ಮುಟ್ಟಿದರೆ ಬಿಗಿದುಕೊಂಡಿರುವುದಿಲ್ಲ, ಒಳಗೆ ಒತ್ತಡ ಅಷ್ಟು ಕಮ್ಮಿ. ಹಳೆಯ ಬೆಸುಗೆಗೆ ಅದೇ ದೊಡ್ಡ ಉಪಕಾರ. ಬಸಿದು ನೋಡಿದಾಗಲೂ ಕೆಂಪು ಕೆಸರು ಬರಲಿಲ್ಲ.

ನೀವೂ ಹಾಗೆ ಹಾಕಿಸಿದರೆ ರೇಡಿಯೇಟರ್ ಕ್ಯಾಪ್ ಪಕ್ಕ ‘ನೀರು ಹಾಕಬೇಡಿ’ ಅಂತ ದೊಡ್ಡದಾಗಿ ಬರೆದು ಅಂಟಿಸಿ. ಮಟ್ಟ ಕಮ್ಮಿ ಕಂಡರೆ ಸರ್ವಿಸ್ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ನೀರು ಸುರಿದುಬಿಡುತ್ತಾರೆ. ಒಂದು ಡಬ್ಬ ಹೆಚ್ಚುವರಿ ಕೂಲಂಟ್ ಡಿಕ್ಕಿಯಲ್ಲಿ ಇರಲಿ.